ಕ್ಯಾನ್ಸರ್ ವಾಸಿಯಾಯಿತು, ಟಾಯ್ಲೆಟ್ ಬಿಟ್ಟು ದೂರ ಹೋಗೋಕಾಗುತ್ತಿಲ್ಲ. ಡಾಕ್ಟರ್ ಯಾಕೆ ಇದನ್ನು ಕೇಳುವುದಿಲ್ಲ?

ಪ್ರಶ್ನೆ: ನಮ್ಮ ತಂದೆಗೆ 56 ವರ್ಷ. ಹಾಸನ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು. ಎರಡು ವರ್ಷದ ಹಿಂದೆ ಗುದದ್ವಾರದಿಂದ 6 ಸೆಂಟಿಮೀಟರ್ ಮೇಲೆ ರೆಕ್ಟಮ್ ಕ್ಯಾನ್ಸರ್ ಗೊತ್ತಾಯಿತು. ಮೊದಲು ರೇಡಿಯೇಷನ್ ಮತ್ತು ಮಾತ್ರೆ, ಆಮೇಲೆ ಆಪರೇಷನ್, ಆಮೇಲೆ ಕೀಮೋ ಆಯಿತು. ಆರು ತಿಂಗಳು ಮಲ ಹೋಗಲು ಹೊಟ್ಟೆಯ ಮೇಲೆ ಬ್ಯಾಗ್ ಇತ್ತು. ಅದನ್ನು ಮುಚ್ಚಿ ಹತ್ತು ತಿಂಗಳಾಯಿತು. ಈಗ ದಿನಕ್ಕೆ ಎಂಟು ಹತ್ತು ಸಲ ಮೋಷನ್. ಬೆಳಿಗ್ಗೆ ಎರಡು ಗಂಟೆಯಲ್ಲೇ ಐದಾರು ಸಲ ಹೋಗುತ್ತಾರೆ, ಆದರೂ ಇನ್ನೂ ಉಳಿದಿದೆ ಅನ್ನುತ್ತಾರೆ. ಬಂತು ಅಂದರೆ ತಡೆಯೋಕಾಗಲ್ಲ. ಗ್ಯಾಸ್ ಹಿಡಿಯೋಕಾಗಲ್ಲ. ಅಪರೂಪಕ್ಕೆ ಬಟ್ಟೆಯಲ್ಲೇ ಆಗುತ್ತದೆ. ಕ್ಲಾಸಿಗೆ ಹೋಗುವ ದಿನ ಮಧ್ಯಾಹ್ನದವರೆಗೆ ಏನೂ ತಿನ್ನುವುದಿಲ್ಲ. ಮದುವೆ, ಬಸ್ಸು ಎಲ್ಲ ಬಿಟ್ಟಿದ್ದಾರೆ. ಕ್ಯಾನ್ಸರ್ ಡಾಕ್ಟರ್ "ಸಿಇಎ (ಕ್ಯಾನ್ಸರ್ ಮರಳಿತಾ ಅಂತ ನೋಡುವ ರಕ್ತ ಪರೀಕ್ಷೆ) ನಾರ್ಮಲ್, ಸ್ಕ್ಯಾನ್ ಕ್ಲೀನ್, ಇದೆಲ್ಲ ಇದ್ದಿದ್ದೇ" ಅಂತಾರೆ. ಊರಿನ ಡಾಕ್ಟರ್ ಅಮೀಬಿಯಾಸಿಸ್ ಅಂತ ಮೂರು ಸಲ ಮಾತ್ರೆ ಕೊಟ್ಟರು. ಕ್ಯಾನ್ಸರ್ ಮತ್ತೆ ಬಂದಿರಬಹುದಾ? ಆಪರೇಷನ್ ಸರಿಯಾಗಿ ಆಗಿಲ್ಲವಾ? ಡಾಕ್ಟರಿಗೆ ಇದು ಗೊತ್ತೇ ಇಲ್ಲವಾ, ಗೊತ್ತಿದ್ದೂ ಹೇಳುತ್ತಿಲ್ಲವಾ? "ಬ್ಯಾಗೇ ವಾಸಿ ಇತ್ತು" ಅಂತ ತಂದೆ ಒಂದು ದಿನ ಅಂದುಬಿಟ್ಟರು. ಏನು ಮಾಡಲಿ?

ಉತ್ತರ: ನಿಮ್ಮ ತಂದೆಯವರ ತೊಂದರೆಗೆ ಹೆಸರಿದೆ. ಲೋ ಆಂಟೀರಿಯರ್ ರಿಸೆಕ್ಷನ್ ಸಿಂಡ್ರೋಮ್, ಚಿಕ್ಕದಾಗಿ ಲಾರ್ಸ್. ರೆಕ್ಟಮ್ ತೆಗೆದು ಕರುಳನ್ನು ಕೆಳಗೆ ಜೋಡಿಸಿದ ಮೇಲೆ ಬರುವ ತೊಂದರೆಗಳ ಗುಂಪಿಗೆ ಇಟ್ಟ ಹೆಸರು ಇದು. ಅಪರೂಪದ್ದೇನೂ ಅಲ್ಲ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಈ ಆಪರೇಷನ್ ಆದವರಲ್ಲಿ ಹತ್ತಕ್ಕೆ ಸುಮಾರು ನಾಲ್ವರಿಗೆ ಇದು ಜೋರಾಗಿಯೇ ಇರುತ್ತದೆ. ಕೆಳಗಿನ ಗಡ್ಡೆ, ರೇಡಿಯೇಷನ್, ತಿಂಗಳುಗಟ್ಟಲೆ ಬ್ಯಾಗ್, ಈ ಮೂರೂ ಲಾರ್ಸ್ ಬರುವ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ನಿಮ್ಮ ತಂದೆಗೆ ಮೂರೂ ಇದ್ದವು.

ಮೊದಲು ಕ್ಯಾನ್ಸರಿನ ಭಯದ ಮಾತು ಮುಗಿಸೋಣ. ಬ್ಯಾಗ್ ಮುಚ್ಚಿದ ದಿನದಿಂದಲೇ ಶುರುವಾಗಿ, ಹೆಚ್ಚುಕಡಿಮೆ ಒಂದೇ ತರಹ ನಡೆದುಕೊಂಡು ಬಂದ ತೊಂದರೆ ಕ್ಯಾನ್ಸರ್ ಮರಳಿದ್ದರ ಗುರುತಲ್ಲ. ಸ್ವಲ್ಪ ಸುಧಾರಿಸಿದ್ದವರಿಗೆ ಇದ್ದಕ್ಕಿದ್ದ ಹಾಗೆ ಕೆಟ್ಟರೆ ಎಚ್ಚರ ಬೇಕು. ಹೊಸದಾಗಿ ರಕ್ತ ಹೋಗುವುದು, ತೂಕ ಇಳಿಯುತ್ತಲೇ ಇರುವುದು, ಕುಳಿತರೆ ಕೆಳಗೆ ಅಥವಾ ಸೊಂಟದ ಹಿಂದೆ ಬಿಡದ ನೋವು, ಹೊಟ್ಟೆ ಉಬ್ಬಿ ವಾಂತಿ, ಜ್ವರ: ಇವುಗಳಲ್ಲಿ ಯಾವುದಿದ್ದರೂ ಮುಂದಿನ ಚೆಕಪ್‌ವರೆಗೆ ಕಾಯಬೇಡಿ. ನಿಮ್ಮ ಪತ್ರದಲ್ಲಿ ಇವು ಯಾವುದೂ ಕಾಣುವುದಿಲ್ಲ.

ಆಪರೇಷನ್ ಕೆಟ್ಟಿದೆಯಾ ಅನ್ನುವುದಕ್ಕೆ ಉತ್ತರ ಕೊಡಬೇಕಾದರೆ ಒಳಗೆ ಏನಾಗಿದೆ ಅಂತ ಸ್ವಲ್ಪ ವಿವರಿಸಬೇಕು. ರೆಕ್ಟಮ್ ಅಂದರೆ ದೊಡ್ಡ ಕರುಳಿನ ಕೊನೆಯ ಭಾಗ, 12ರಿಂದ 15 ಸೆಂಟಿಮೀಟರ್ ಉದ್ದ. ಅದನ್ನು ಮನೆಯ ಸಂಪ್ ಅಂದುಕೊಳ್ಳಿ. ನೀರು ಯಾವಾಗ ಬಂದರೂ ತುಂಬಿಸಿಕೊಂಡು, ನಮಗೆ ಬೇಕಾದಾಗ ಮಾತ್ರ ಬಿಡುವ ಜಾಗ ಅದು. ಮಲ ಬಂದಾಗ ರೆಕ್ಟಮ್ ಹಿಗ್ಗಿ ಜಾಗ ಮಾಡಿಕೊಡುತ್ತದೆ, ಒತ್ತಡ ಏರಲು ಬಿಡುವುದಿಲ್ಲ. ಅದರ ಕೆಳಗೆ, ಗುದದ್ವಾರದ ಒಳಚರ್ಮ, ಬಂದದ್ದು ಗ್ಯಾಸಾ, ನೀರಾ, ಗಟ್ಟಿಯಾ ಅಂತ ಗುರುತಿಸುತ್ತದೆ. ಇಷ್ಟೆಲ್ಲ ನಮಗೆ ಗೊತ್ತಾಗದ ಹಾಗೆ ನಡೆಯುತ್ತಿರುತ್ತದೆ. ಬಸ್ಸಿನಲ್ಲಿ ಕುಳಿತು ಸದ್ದಿಲ್ಲದೆ ಗ್ಯಾಸ್ ಮಾತ್ರ ಬಿಡುವುದು ಎಷ್ಟು ಕಷ್ಟದ ಕೆಲಸ ಅನ್ನುವುದು ಅದು ಕೈಬಿಟ್ಟ ಮೇಲೇ ತಿಳಿಯುವುದು.

6 ಸೆಂಟಿಮೀಟರ್ ಮೇಲಿನ ಗಡ್ಡೆಗೆ ರೆಕ್ಟಮ್ಮನ್ನು ಹೆಚ್ಚುಕಡಿಮೆ ಪೂರ್ತಿ, ಸುತ್ತಲಿನ ಕೊಬ್ಬಿನ ಸಮೇತ ತೆಗೆಯಬೇಕು. ಹಾಗೆ ತೆಗೆಯುವುದರಿಂದಲೇ ಕ್ಯಾನ್ಸರ್ ಅದೇ ಜಾಗದಲ್ಲಿ ಮರಳುವುದು ಇವತ್ತು ಇಷ್ಟು ಕಡಿಮೆಯಾಗಿರುವುದು. ಆಮೇಲೆ ಮೇಲಿನ ಕರುಳನ್ನು ಕೆಳಗೆಳೆದು ಉಳಿದ ತುದಿಗೆ ಜೋಡಿಸುತ್ತಾರೆ. ಆದರೆ ಆ ಕರುಳಿಗೆ ಗೊತ್ತಿರುವುದು ಮುಂದೆ ತಳ್ಳುವುದು. ಹಿಡಿದಿಡುವುದು ಅದರ ಕೆಲಸವಲ್ಲ. ಒಳಗೆ ಬಂದದ್ದು ಸೀದಾ ಬಾಗಿಲಿಗೆ ಬರುತ್ತದೆ, ಒತ್ತಡ ಒಮ್ಮೆಲೇ ಏರುತ್ತದೆ. ಅದೇ ನಿಮ್ಮ ತಂದೆ ಹೇಳುವ ಅರ್ಜೆಂಟ್. ಜಾಗ ಕಡಿಮೆ ಇರುವುದರಿಂದ ಒಂದೇ ಸಲಕ್ಕೆ ಖಾಲಿಯಾಗುವುದಿಲ್ಲ. ಸ್ವಲ್ಪ ಹೋಗುತ್ತದೆ, ಮೇಲಿನಿಂದ ಇನ್ನೊಂದಿಷ್ಟು ಇಳಿಯುತ್ತದೆ, ಮತ್ತೆ ಓಡಬೇಕು. ಬೆಳಿಗ್ಗೆ ಎರಡು ಗಂಟೆಯಲ್ಲಿ ಐದಾರು ಸಲ ಆಗುವುದು ಹೀಗೆ. ರೇಡಿಯೇಷನ್ ಬಿದ್ದ ಜಾಗ ಗಡುಸಾಗಿರುತ್ತದೆ, ಸರಿಯಾಗಿ ಹಿಗ್ಗುವುದಿಲ್ಲ. ಅಲ್ಲಿ ಓಡಾಡುವ ಸಣ್ಣ ನರಗಳಿಗೂ ಏಟು ಬಿದ್ದಿರುತ್ತದೆ. ತಾನಾಗಿಯೇ ಬಿಗಿಯಾಗಿರುವ ಒಳಗಿನ ಸ್ನಾಯು ಸಡಿಲವಾಗಿ, ಗೊತ್ತಾಗದೆಯೇ ಸೋರುವುದೂ ಉಂಟು.

ಅಂದರೆ ಆಪರೇಷನ್ ಸರಿಯಾಗಿ ಆದವರಿಗೂ ಲಾರ್ಸ್ ಬರುತ್ತದೆ. ಜೋಡಣೆ ಸೋರಿ ಒಳಗೆ ಸೋಂಕಾಗಿದ್ದರೆ ತೊಂದರೆ ಹೆಚ್ಚಿರುತ್ತದೆ. ಆ ಜಾಗ ಕಿರಿದಾಗಿದ್ದರೂ ಹೀಗೇ ಆಗುತ್ತದೆ, ಆಗ ಮಲ ತೆಳ್ಳಗೆ ಬರುತ್ತದೆ, ತಿಣುಕಬೇಕಾಗುತ್ತದೆ. ಇವೆರಡನ್ನೂ ಬೆರಳಿನ ಪರೀಕ್ಷೆ, ಸ್ಕೋಪಿ, ಬೇಕಾದರೆ ಎಂಆರ್‌ಐಯಿಂದ ನೋಡಬಹುದು. ನೋಡಲೇಬೇಕು ಕೂಡ. ಹತ್ತು ತಿಂಗಳಲ್ಲಿ ಒಮ್ಮೆಯೂ ಯಾರೂ ಬೆರಳು ಹಾಕಿ ಪರೀಕ್ಷೆ ಮಾಡಿಲ್ಲ ಅಂದರೆ ಅದನ್ನು ಕೇಳಿ ಮಾಡಿಸಿ.

ಇನ್ನು ಡಾಕ್ಟರ್ ವಿಷಯ. ನಿಮ್ಮ ಸಿಟ್ಟೆಲ್ಲ ಅಲ್ಲೇ ಇದೆ ಅನಿಸುತ್ತದೆ, ಅದು ತಪ್ಪಲ್ಲ.

ಕ್ಯಾನ್ಸರ್ ಆಪರೇಷನ್ ಮಾಡುವ ಸರ್ಜನ್‌ಗೆ ಲಾರ್ಸ್ ಗೊತ್ತಿರುವುದಿಲ್ಲ ಅಂತ ನಾನು ಹೇಳುವುದಿಲ್ಲ, ಗೊತ್ತಿರುತ್ತದೆ. ಆದರೆ ರೋಗಿಗೆ ಅದರಲ್ಲಿ ಯಾವುದು ನೋಯಿಸುತ್ತದೆ ಅನ್ನುವ ಅಂದಾಜು ಬಹಳ ಸಲ ತಪ್ಪಿರುತ್ತದೆ. ಇದು ನನ್ನೊಬ್ಬನ ಅನಿಸಿಕೆಯಲ್ಲ. ಡೆನ್ಮಾರ್ಕಿನ ಎಮರ್ಟ್‌ಸೆನ್ ಮತ್ತು ಲೌರ್‌ಬೆರ್ಗ್ ಎಂಬ ವೈದ್ಯರು ಈ ಆಪರೇಷನ್ ಆದ ಸಾವಿರಕ್ಕೂ ಕಡಿಮೆಯಿಲ್ಲದ ಜನರಿಗೆ ಪ್ರಶ್ನೆಗಳನ್ನು ಕಳಿಸಿ, ಯಾವ ತೊಂದರೆ ಬದುಕನ್ನು ಹೆಚ್ಚು ಕೆಡಿಸುತ್ತದೆ ಅಂತ ಲೆಕ್ಕ ಹಾಕಿದರು. ಅದರಿಂದ 2012ರಲ್ಲಿ ಐದೇ ಪ್ರಶ್ನೆಗಳ ಒಂದು ಸ್ಕೋರ್ ಹುಟ್ಟಿತು, ಲಾರ್ಸ್ ಸ್ಕೋರ್. ಎರಡು ವರ್ಷದ ಬಳಿಕ ಅದೇ ವಿಷಯವನ್ನು ಈ ಕ್ಯಾನ್ಸರಿನ ಸರ್ಜನ್‌ಗಳಿಗೆ ಮತ್ತು ರೇಡಿಯೇಷನ್ ತಜ್ಞರಿಗೆ ಕೇಳಿ, ಅವರ ಅಂದಾಜನ್ನು ರೋಗಿಗಳ ಉತ್ತರದ ಪಕ್ಕ ಇಟ್ಟು ನೋಡಿದರು. ತಜ್ಞರು ನೀರಾಗಿ ಸೋರುವುದಕ್ಕೆ ಮತ್ತು ದಿನಕ್ಕೆ ಎಷ್ಟು ಸಲ ಅನ್ನುವ ಲೆಕ್ಕಕ್ಕೆ ಜಾಸ್ತಿ ತೂಕ ಕೊಟ್ಟಿದ್ದರು. ರೋಗಿಗಳನ್ನು ಕಾಡುತ್ತಿದ್ದದ್ದು ಮುಖ್ಯವಾಗಿ ಬೇರೆ ಎರಡು: ತಡೆಯಲಾಗದ ಅರ್ಜೆಂಟ್, ಮತ್ತು ಹೋಗಿ ಬಂದು ಒಂದು ಗಂಟೆಯೊಳಗೆ ಮತ್ತೆ ಹೋಗಬೇಕಾಗುವುದು.

ಸ್ಕೋರನ್ನೇ ನೋಡಿದರೆ ಇದು ಗೊತ್ತಾಗುತ್ತದೆ. ಒಟ್ಟು 42 ಅಂಕ. ವಾರಕ್ಕೊಮ್ಮೆಯಾದರೂ ಟಾಯ್ಲೆಟ್ಟಿಗೆ ಓಡಬೇಕಾದ ಅರ್ಜೆಂಟ್ ಬಂದರೆ 16. ಒಂದು ಗಂಟೆಯೊಳಗೆ ಮತ್ತೆ ಹೋಗುವುದು ವಾರಕ್ಕೊಮ್ಮೆಯಾದರೂ ಆದರೆ 11. ಗ್ಯಾಸ್ ಹಿಡಿಯಲಾಗದ್ದು ವಾರಕ್ಕೊಮ್ಮೆಯಾದರೂ ಇದ್ದರೆ 7, ಅದಕ್ಕಿಂತ ಅಪರೂಪವಾದರೆ 4. ನೀರಾಗಿ ಸೋರಿದರೆ, ಎಷ್ಟೇ ಸಲವಾಗಲಿ, 3. ದಿನಕ್ಕೆ ಏಳಕ್ಕಿಂತ ಜಾಸ್ತಿ ಮೋಷನ್ನಿಗೆ ಬರೀ 4. ನಾಲ್ಕರಿಂದ ಏಳಕ್ಕೆ 2, ಒಂದರಿಂದ ಮೂರಕ್ಕೆ ಸೊನ್ನೆ. ದಿನಕ್ಕೆ ಒಮ್ಮೆಯೂ ಆಗದಿದ್ದರೆ ಅದಕ್ಕೂ 5 ಅಂಕ ಇದೆ. 20ರವರೆಗೆ ಲಾರ್ಸ್ ಇಲ್ಲ, 21ರಿಂದ 29 ಕಡಿಮೆ, 30 ಅಥವಾ ಅದಕ್ಕಿಂತ ಜಾಸ್ತಿಯಾದರೆ ಜೋರು. ನಿಮ್ಮ ಪತ್ರ ಓದಿ ನಾನು ಕೂಡಿದ್ದು: 16, 11, 7, 3, 4. ಒಟ್ಟು 41.

ಈಗ ಇನ್ನೊಬ್ಬರನ್ನು ಊಹಿಸಿಕೊಳ್ಳಿ. ದಿನಕ್ಕೆ ಮೂರೇ ಸಲ ಹೋಗುತ್ತಾರೆ, ಸೋರುವುದಿಲ್ಲ. ಆದರೆ ವಾರದಲ್ಲಿ ಒಂದೆರಡು ದಿನ ಓಡಬೇಕು, ಆ ದಿನ ಒಂದರ ಹಿಂದೊಂದು ಬರುತ್ತದೆ, ಗ್ಯಾಸ್ ಅಪರೂಪಕ್ಕೆ ಕೈಕೊಡುತ್ತದೆ. 16, 11, 4. ಮೂವತ್ತೊಂದು. ಇದೂ ಜೋರಾದ ಲಾರ್ಸೇ. ಇಂಥವರನ್ನು ಓಪಿಡಿಯಲ್ಲಿ "ದಿನಕ್ಕೆ ಎಷ್ಟು ಸಲ?" ಅಂತ ಕೇಳಿದರೆ "ಮೂರು" ಅಂತಾರೆ. "ಪರವಾಗಿಲ್ಲ, ಚೆನ್ನಾಗಿದೆ" ಅಂತ ಡಾಕ್ಟರ್ ಫೈಲ್ ಮುಚ್ಚುತ್ತಾರೆ. ಇಬ್ಬರೂ ಸುಳ್ಳು ಹೇಳಿಲ್ಲ. ಪ್ರಶ್ನೆಯೇ ಸರಿಯಿರಲಿಲ್ಲ ಅಷ್ಟೆ.

ಪ್ರಶ್ನೆ ಯಾಕೆ ಸರಿಯಿರುವುದಿಲ್ಲ? ಚೆಕಪ್ ಅನ್ನುವುದು ಕಟ್ಟಿರುವುದೇ ಕ್ಯಾನ್ಸರ್ ಮರಳಿತಾ ಅಂತ ನೋಡಲು. ರಕ್ತದ ಸಿಇಎ, ಸಿಟಿ, ಕೊಲೊನೋಸ್ಕೋಪಿ. ಇವು ಸರಿ ಬಂದರೆ ಡಾಕ್ಟರಿಗೂ ಸಂತೋಷ, ಹೊರಗೆ ಇನ್ನೂ ಅರವತ್ತು ಜನ ಕಾಯುತ್ತಿರುತ್ತಾರೆ. ಕರುಳಿನ ಕಷ್ಟ ಕೇಳುವುದು ಯಾರ ಕೆಲಸ ಅನ್ನುವುದೂ ಗೊತ್ತಿರುವುದಿಲ್ಲ. ಸರ್ಜನ್ ಇದು ರೇಡಿಯೇಷನ್ನಿಂದ ಅಂದುಕೊಳ್ಳುತ್ತಾರೆ, ರೇಡಿಯೇಷನ್ನಿನವರು ಆಪರೇಷನ್ನಿಂದ ಅನ್ನುತ್ತಾರೆ, ಕೀಮೋದವರು ಆರು ತಿಂಗಳು ಕಾಯಿರಿ ಅಂತಾರೆ. ಊರಿನ ಡಾಕ್ಟರಿಗೆ ಮಾತ್ರ ಈ ಕಾಯಿಲೆಯ ಹೆಸರು ನಿಜವಾಗಿಯೂ ಕೇಳಿ ಗೊತ್ತಿಲ್ಲದಿರಬಹುದು. ಪದೇ ಪದೇ ಭೇದಿ ಅಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಅಮೀಬಾ, ಆಮೇಲೆ ಐಬಿಎಸ್ ಅನ್ನುವ ಕರುಳಿನ ಕಿರಿಕಿರಿ, ಆಮೇಲೆ ಪೈಲ್ಸ್. ಈ ಮಾತ್ರೆಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಅಮೀಬಾಗೆ ಕೊಡುವ ಮೆಟ್ರೋನಿಡಜೋಲ್ ಮತ್ತೆ ಮತ್ತೆ ತೆಗೆದುಕೊಂಡರೆ ಕೈಕಾಲಿನ ನರಗಳಿಗೆ ತೊಂದರೆಯಾಗಬಹುದು. ಕೀಮೋದಲ್ಲಿ ಆಕ್ಸಾಲಿಪ್ಲಾಟಿನ್ ತೆಗೆದುಕೊಂಡವರಿಗೆ ಕೈಕಾಲು ಮೊದಲೇ ಜುಮ್ಮೆನ್ನುತ್ತಿರುತ್ತದೆ. ಮಲ ಪರೀಕ್ಷೆಯಲ್ಲಿ ಏನೂ ಕಾಣದೆ ನಾಲ್ಕನೇ ಸಲ ಆ ಮಾತ್ರೆ ಬೇಡ.

ರೋಗಿಯ ಕಡೆಯಿಂದಲೂ ಒಂದು ಗೋಡೆ ಇರುತ್ತದೆ. ಜೀವ ಉಳಿಸಿದ ಡಾಕ್ಟರ ಮುಂದೆ ಮೋಷನ್ ವಿಷಯ ದೂರುವುದು ಹೇಗೆ ಅಂತ ಸಂಕೋಚ. ನಾನು ನೋಡುವ ಮೇಷ್ಟ್ರುಗಳು, ಗೃಹಿಣಿಯರು, ಅಂಗಡಿಯವರು "ಹೇಗಿದ್ದೀರಿ?" ಅಂದರೆ "ನಿಮ್ಮ ದಯೆ, ಚೆನ್ನಾಗಿದ್ದೀನಿ ಸಾರ್" ಅಂತಾರೆ. ಅವರು ಎದ್ದು ಹೊರಟ ಮೇಲೆ ಜೊತೆಗೆ ಬಂದ ಮಗಳೋ ಹೆಂಡತಿಯೋ ಬಾಗಿಲ ಹತ್ತಿರ ನಿಂತು ನಿಜ ಹೇಳುತ್ತಾರೆ. ಹೆಣ್ಣುಮಕ್ಕಳು ಗಂಡು ಡಾಕ್ಟರಿಗೆ ಇದನ್ನು ಹೇಳುವುದು ಇನ್ನೂ ಅಪರೂಪ.

ಆಪರೇಷನ್ನಿಗೆ ಮುಂಚೆಯೂ ಈ ಮಾತು ಬರುವುದಿಲ್ಲ. ಅಲ್ಲಿ ನಡೆಯುವ ಚರ್ಚೆಯೆಲ್ಲ ಬ್ಯಾಗ್ ಬೇಕಾ ಬೇಡವಾ ಅನ್ನುವುದರ ಮೇಲೆ. ಬ್ಯಾಗ್ ತಪ್ಪಿದರೆ ಗೆದ್ದ ಹಾಗೆ ಅಂತ ಮನೆಯವರೂ ಅಂದುಕೊಂಡಿರುತ್ತಾರೆ, ಕೆಲವು ಸಲ ಸರ್ಜನ್ನೂ. ಬ್ಯಾಗ್ ಇಲ್ಲದ ಬದುಕು ಹೇಗಿರುತ್ತದೆ ಅಂತ ಆಗಲೇ ಹೇಳಿದ್ದರೆ, ನಿಮ್ಮ ತಂದೆ ಈ ಹತ್ತು ತಿಂಗಳು ತಮ್ಮಲ್ಲೇ ಏನೋ ದೋಷ ಇದೆ ಅಂತ ಕೊರಗುತ್ತಿರಲಿಲ್ಲ. ಇದು ನಮ್ಮ ವೃತ್ತಿಯ ಲೋಪ. ಅದನ್ನು ಮುಚ್ಚಿಡಬೇಕಾಗಿಲ್ಲ.

"ಟೈಮ್ ಕೊಡಿ, ಸರಿಹೋಗುತ್ತೆ" ಅನ್ನುವುದು ಅರ್ಧ ನಿಜ. ಬ್ಯಾಗ್ ಮುಚ್ಚಿದ ಮೊದಲ ವರ್ಷದಲ್ಲಿ ಹೆಚ್ಚಿನವರಿಗೆ ಸ್ವಲ್ಪ ಸುಧಾರಿಸುತ್ತದೆ. ಒಂದೂವರೆ ಎರಡು ವರ್ಷ ಕಳೆದ ಮೇಲೆ ತಾನಾಗಿ ಆಗುವ ಬದಲಾವಣೆ ಕಡಿಮೆ. ನೆದರ್‌ಲೆಂಡ್ಸ್‌ನಲ್ಲಿ ಒಂದು ದೊಡ್ಡ ರೆಕ್ಟಮ್ ಕ್ಯಾನ್ಸರ್ ಟ್ರಯಲ್‌ನಲ್ಲಿದ್ದವರನ್ನು ಸುಮಾರು ಹದಿನಾಲ್ಕು ವರ್ಷದ ನಂತರ ಕೇಳಿದಾಗ, ಅರ್ಧಕ್ಕೆ ಹತ್ತಿರ ಜನರಿಗೆ ಜೋರಾದ ಲಾರ್ಸ್ ಇನ್ನೂ ಇತ್ತು. ರೇಡಿಯೇಷನ್ ಪಡೆದವರಲ್ಲಿ ಜಾಸ್ತಿ. ಹಾಗಾಗಿ ಸುಮ್ನೆ ಕಾಯುವುದರಲ್ಲಿ ಅರ್ಥವಿಲ್ಲ. ಕಾಯುತ್ತಲೇ ಚಿಕಿತ್ಸೆ ಶುರು ಮಾಡಬಹುದು.

ಮುಂದಿನ ಭೇಟಿಗೆ ಮುಂಚೆ ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಿ: ಎಷ್ಟು ಗಂಟೆಗೆ ಹೋದರು, ಓಡಬೇಕಾಯಿತಾ, ಏನು ತಿಂದಿದ್ದರು, ಬಟ್ಟೆ ಹಾಳಾಯಿತಾ. ಐದು ಪ್ರಶ್ನೆಗಳ ಅಂಕವನ್ನೂ ಬರೆಯಿರಿ. ಒಳಗೆ ಹೋದ ಕೂಡಲೇ, ರಿಪೋರ್ಟ್ ತೆಗೆಯುವ ಮೊದಲೇ ಹೇಳಿ: "ಸಾರ್, ಲಾರ್ಸ್ ಸ್ಕೋರ್ 41 ಬಂದಿದೆ. ಅರ್ಜೆಂಟ್‌ನಿಂದ ಕ್ಲಾಸ್ ತೆಗೆದುಕೊಳ್ಳೋಕಾಗುತ್ತಿಲ್ಲ. ಇದಕ್ಕೆ ಏನು ಮಾಡಬಹುದು?" ಭೇದಿ ಅನ್ನುವ ಪದ ಬಳಸಬೇಡಿ. ಭೇದಿ ಅಂದರೆ ಭೇದಿಯ ಮಾತ್ರೆ ಸಿಗುತ್ತದೆ. ಅವರಿಗೆ ಪುರುಸೊತ್ತಿಲ್ಲದಿದ್ದರೆ ಗ್ಯಾಸ್ಟ್ರೋಎಂಟರಾಲಜಿಸ್ಟ್, ಪೆಲ್ವಿಕ್ ಫ್ಲೋರ್ (ಸೊಂಟದ ಕೆಳಗಿನ ಸ್ನಾಯುಗಳ) ಫಿಸಿಯೋಥೆರಪಿಸ್ಟ್ ಅಥವಾ ಆಸ್ಪತ್ರೆಯಲ್ಲಿ ಬ್ಯಾಗ್ ನೋಡಿಕೊಳ್ಳುವ ಸ್ಟೋಮಾ ನರ್ಸ್‌ಗೆ ಚೀಟಿ ಬರೆದುಕೊಡಿ ಅಂತ ಕೇಳಿ. ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಸ್ಟೋಮಾ ನರ್ಸ್‌ಗಳು ಇರುತ್ತಾರೆ. ಈ ವಿಷಯದಲ್ಲಿ ಅವರ ಅನುಭವ ಎಷ್ಟೋ ಸಲ ಜೂನಿಯರ್ ಡಾಕ್ಟರಿಗಿಂತ ಜಾಸ್ತಿ.

ಈಗ ಚಿಕಿತ್ಸೆ. ಮೊದಲು ಉಪವಾಸ ನಿಲ್ಲಿಸಿ. ಮಧ್ಯಾಹ್ನದವರೆಗೆ ಖಾಲಿ ಹೊಟ್ಟೆಯಲ್ಲಿದ್ದು ಆಮೇಲೆ ಒಂದೇ ಸಲ ಊಟ ಮಾಡಿದರೆ ಕರುಳು ಇನ್ನೂ ಜೋರಾಗಿ ತಳ್ಳುತ್ತದೆ. ಊಟ ಹೊಟ್ಟೆಗೆ ಬಿದ್ದ ಕೂಡಲೇ ದೊಡ್ಡ ಕರುಳು ಚಲಿಸುವುದು ಎಲ್ಲರಿಗೂ ಇರುವುದೇ. ಅದನ್ನೇ ಉಪಯೋಗಕ್ಕೆ ತೆಗೆದುಕೊಳ್ಳಬಹುದು. ಐದು ಗಂಟೆಗೆ ಎದ್ದು ಬಿಸಿ ಕಾಫಿ, ಎರಡು ಇಡ್ಲಿ ತೆಗೆದುಕೊಂಡರೆ ಆ ಐದಾರು ಸುತ್ತು ಏಳೂವರೆಯೊಳಗೆ ಮನೆಯಲ್ಲೇ ಮುಗಿಯುವ ಸಾಧ್ಯತೆ ಹೆಚ್ಚು. ಮುದ್ದೆ ಬಿಡಬೇಕು, ಬರೀ ಮಜ್ಜಿಗೆ ಅನ್ನ ತಿನ್ನಬೇಕು ಅನ್ನುವುದಕ್ಕೆ ಆಧಾರವಿಲ್ಲ. ಯಾವುದು ಕೆದಕುತ್ತದೆ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು. ಖಾರ, ಹಸಿ ತರಕಾರಿ, ಮೊಳಕೆ ಕಾಳು, ಹಲಸು, ಕೆಲವರಿಗೆ ಹಾಲು. ನೀವು ಬರೆದಿಟ್ಟ ಪುಸ್ತಕ ನೋಡಿದರೆ ಗೊತ್ತಾಗುತ್ತದೆ. ಒಂದೊಂದೇ ಬಿಟ್ಟು ನೋಡಿ, ವ್ಯತ್ಯಾಸ ಕಾಣದಿದ್ದರೆ ಮತ್ತೆ ಶುರು ಮಾಡಿ. ಇಲ್ಲದಿದ್ದರೆ ತಟ್ಟೆಯಲ್ಲಿ ಏನೂ ಉಳಿಯುವುದಿಲ್ಲ.

ಇಸಬ್‌ಗೋಲ್ ಮಲಬದ್ಧತೆಗೆ ಮಾತ್ರ ಅಂತ ಎಲ್ಲರೂ ತಿಳಿದಿದ್ದಾರೆ. ಕಡಿಮೆ ನೀರಿನಲ್ಲಿ ಅಥವಾ ಮೊಸರಿನಲ್ಲಿ ಕಲಸಿ ಊಟದ ಜೊತೆ ತೆಗೆದುಕೊಂಡರೆ ಅದು ನೀರು ಹೀರಿ ಮಲವನ್ನು ಒಂದು ಮುದ್ದೆಯಾಗಿ ಮಾಡುತ್ತದೆ, ಚೂರುಚೂರಾಗಿ ಬರುವುದು ಕಡಿಮೆಯಾಗುತ್ತದೆ. ಒಂದು ಚಮಚದಿಂದ ಶುರು ಮಾಡಿ. ಗ್ಯಾಸ್ ಜಾಸ್ತಿಯಾಗಬಹುದು. ಜೋಡಣೆ ಕಿರಿದಾಗಿದ್ದರೆ ಮಾತ್ರ ಇದು ಬೇಡ, ಅಲ್ಲಿ ಕಟ್ಟಿಕೊಳ್ಳುವ ಅಪಾಯ ಇದೆ.

ಲೋಪೆರಮೈಡ್ ಮಾತ್ರೆಯನ್ನು ಜನ ಆದ ಮೇಲೆ ನುಂಗುತ್ತಾರೆ. ಇಲ್ಲಿ ಅದು ಬೇಕಾಗಿರುವುದು ಆಗುವ ಮುಂಚೆ, ಊಟಕ್ಕೆ ಅರ್ಧ ಗಂಟೆ ಮೊದಲು. ಕರುಳಿನ ಓಟವನ್ನು ಅದು ನಿಧಾನ ಮಾಡುತ್ತದೆ, ಗುದದ್ವಾರದ ಬಿಗಿಯನ್ನೂ ಸ್ವಲ್ಪ ಹೆಚ್ಚಿಸುತ್ತದೆ. 2 ಮಿಲಿಗ್ರಾಂ ಮಾತ್ರೆಯ ಅರ್ಧದಿಂದ ಶುರು ಮಾಡಿ ಡಾಕ್ಟರ್ ಹೇಳಿದಂತೆ ನಿಧಾನವಾಗಿ ಏರಿಸಬಹುದು. ದಿನಕ್ಕೆ 16 ಮಿಲಿಗ್ರಾಂ ದಾಟಲೇಬಾರದು. ಮಿತಿ ಮೀರಿದರೆ ಹೃದಯದ ಬಡಿತ ಏರುಪೇರಾಗುತ್ತದೆ. ಜ್ವರ, ರಕ್ತ, ಹೊಟ್ಟೆ ಉಬ್ಬರ ಇದ್ದಾಗ ಮುಟ್ಟಬೇಡಿ. ಇನ್ನೊಂದು ಕಷ್ಟವೆಂದರೆ, ಜಾಸ್ತಿಯಾದರೆ ಎರಡು ದಿನ ಮೋಷನ್ನೇ ಇಲ್ಲದೆ ಮೂರನೇ ದಿನ ಎಲ್ಲ ಒಟ್ಟಿಗೆ ಬರುತ್ತದೆ. ಕೆಲವು ತಜ್ಞರು ವಾಂತಿಗೆ ಕೊಡುವ ಒಂಡಾನ್ಸೆಟ್ರಾನ್ ಅನ್ನೂ ಇದಕ್ಕೆ ಬಳಸುತ್ತಾರೆ. ಅದನ್ನು ನೀವಾಗಿಯೇ ಅಂಗಡಿಯಿಂದ ತಂದು ನುಂಗುವುದು ಬೇಡ.

ಇದರ ಜೊತೆಗೇ ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿ ಶುರು ಮಾಡಿಸಿ. ನಮ್ಮಲ್ಲಿ ಇದು ಹೆರಿಗೆಯಾದವರಿಗೆ ಅಂತ ಹೆಸರಾಗಿದೆ, ಗಂಡಸರು ಹೋಗಲು ಹಿಂಜರಿಯುತ್ತಾರೆ. ಕೆಳಗಿನ ಸ್ನಾಯುಗಳನ್ನು ಹೇಗೆ ಬಿಗಿಯಬೇಕು, ಅರ್ಜೆಂಟ್ ಬಂದಾಗ ಓಡದೆ ನಿಂತು ಆ ಅಲೆ ಹೋಗಲು ಹೇಗೆ ಬಿಡಬೇಕು, ತಿಣುಕದೆ ಹೇಗೆ ಖಾಲಿ ಮಾಡಬೇಕು ಅಂತ ಕಲಿಸುತ್ತಾರೆ. ತಿಂಗಳುಗಟ್ಟಲೆ ಬಿಡದೆ ಮಾಡಬೇಕು. ಅಪಾಯ ಹೆಚ್ಚೇನೂ ಇಲ್ಲ, ಗುಣ ಎಲ್ಲರಿಗೂ ಒಂದೇ ತರಹ ಸಿಗುವುದಿಲ್ಲ.

ಇಷ್ಟರಲ್ಲಿ ಸಾಲದಿದ್ದರೆ ನನಗೆ ಹೆಚ್ಚು ನಂಬಿಕೆ ಇರುವುದು ನೀರಿನಿಂದ ಕರುಳು ತೊಳೆದುಕೊಳ್ಳುವ ವಿಧಾನದಲ್ಲಿ. ಇದಕ್ಕೆಂದೇ ಮಾಡಿದ ಕಿಟ್ ಇರುತ್ತದೆ, ತುದಿಯಲ್ಲಿ ಕೋನ್ ಅಥವಾ ಬಲೂನಿನ ನಳಿಕೆ. ಉಗುರುಬೆಚ್ಚಗಿನ ಶುದ್ಧ ನೀರನ್ನು, ಸಾಮಾನ್ಯವಾಗಿ ಅರ್ಧ ಲೀಟರಿನಿಂದ ಒಂದು ಲೀಟರ್‌ವರೆಗೆ, ಟಾಯ್ಲೆಟ್ ಮೇಲೆ ಕುಳಿತು ಒಳಗೆ ಬಿಟ್ಟು ಹೊರಗೆ ಹಾಕುವುದು. ಅರ್ಧ ಮುಕ್ಕಾಲು ಗಂಟೆ ಹಿಡಿಯುತ್ತದೆ. ಕೆಳಗಿನ ಕರುಳು ಖಾಲಿಯಾದ ಮೇಲೆ ಹಲವರಿಗೆ ಒಂದು ದಿನ, ಕೆಲವರಿಗೆ ಎರಡು ದಿನ ನೆಮ್ಮದಿ. ಬೆಳಿಗ್ಗೆಯ ಆರು ಸುತ್ತಿನ ಬದಲು ಒಂದೇ ಸಲ ಕುಳಿತು ಮುಗಿಸುವುದು ಅಂದರೆ ಮೇಷ್ಟ್ರಿಗೆ ಎಷ್ಟು ದೊಡ್ಡದು ಅಂತ ನೀವೇ ಯೋಚಿಸಿ. ಹೊಟ್ಟೆ ಹಿಡಿದುಕೊಳ್ಳುವುದು, ತಲೆಸುತ್ತು, ಸ್ವಲ್ಪ ರಕ್ತ ಕಾಣಿಸುವುದು ಆಗಬಹುದು. ಬಹಳ ಅಪರೂಪವಾಗಿ ಕರುಳು ತೂತಾಗುತ್ತದೆ, ಅದು ಜೀವಕ್ಕೇ ಅಪಾಯ. ಆದ್ದರಿಂದ ಜೋಡಣೆ ಸರಿಯಾಗಿ ಕೂಡಿದೆ, ಕಿರಿದಾಗಿಲ್ಲ ಅಂತ ಸರ್ಜನ್ ನೋಡಿ ಒಪ್ಪಿದ ಮೇಲೆ, ಮೊದಲ ಸಲ ನರ್ಸ್ ಎದುರಿನಲ್ಲೇ ಆಗಬೇಕು. ಮನೆಯಲ್ಲಿರುವ ಎನಿಮಾ ಡಬ್ಬಿಯಿಂದ ನೀವೇ ಪ್ರಯೋಗ ಮಾಡಬೇಡಿ. ಬಿಟ್ಟರೆ ಗುಣವೂ ಬಿಡುತ್ತದೆ, ಮುಂದುವರಿಸುತ್ತಲೇ ಇರಬೇಕು. ಕಿಟ್ಟಿನ ಖರ್ಚು ಕಡಿಮೆಯೇನಲ್ಲ, ಮೊದಲೇ ವಿಚಾರಿಸಿ.

ಆಮೇಲಿನದು ನರಕ್ಕೆ ಕರೆಂಟ್ ಕೊಡುವ ಚಿಕಿತ್ಸೆಗಳು. ಕಾಲಿನ ಗೆಣ್ಣಿನ ಹತ್ತಿರ ಸೂಜಿಯಿಂದ ವಾರಕ್ಕೊಮ್ಮೆ ಕೊಡುವುದು ಸುಲಭ, ಆದರೆ ಗುಣ ಖಚಿತವಿಲ್ಲ. ಸೊಂಟದ ಕೆಳಗಿನ ನರಕ್ಕೆ ತಂತಿ ಇಟ್ಟು ಚರ್ಮದಡಿ ಬ್ಯಾಟರಿ ಹೂಡುವುದು ಕೆಲವರಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಮೊದಲು ತಾತ್ಕಾಲಿಕ ತಂತಿ ಇಟ್ಟು ಪರೀಕ್ಷೆ ಮಾಡಿ, ಗುಣ ಕಂಡರೆ ಮಾತ್ರ ಬ್ಯಾಟರಿ. ಸೋಂಕಿನ ಭಯ ಇದೆ, ಖರ್ಚು ಲಕ್ಷಗಳಲ್ಲಿ, ಮಾಡುವ ಕಡೆಗಳು ಕಡಿಮೆ. ಮುಂದೆ ಎಂಆರ್‌ಐ ಮಾಡಲು ಅಡ್ಡಿಯಾಗದ ಮಾದರಿಯೇ ಅಂತ ಕ್ಯಾನ್ಸರ್ ರೋಗಿಗಳು ಮೊದಲೇ ಕೇಳಿಕೊಳ್ಳಬೇಕು.

ಬ್ಯಾಗ್ ಬಗ್ಗೆ ತಂದೆಯವರು ಅಂದದ್ದನ್ನು ಬೇಸರದ ಮಾತು ಅಂತ ತಳ್ಳಿಹಾಕಬೇಡಿ. ಉಳಿದದ್ದೆಲ್ಲ ಮಾಡಿ ನೋಡಿ ಎರಡು ವರ್ಷ ಕಳೆದ ಮೇಲೂ ಮನೆ ಬಿಟ್ಟು ಹೊರಡಲಾಗದಿದ್ದರೆ ಶಾಶ್ವತ ಬ್ಯಾಗ್ ಒಂದು ಸರಿಯಾದ ದಾರಿ. ಸೋಲು ಅಂತ ನಾನು ನೋಡುವುದಿಲ್ಲ. ಹಾಗೆ ಮಾಡಿಸಿಕೊಂಡು ಮತ್ತೆ ಪ್ರಯಾಣ ಮಾಡುವವರಿದ್ದಾರೆ. ಆದರೆ ಅದು ಇನ್ನೊಂದು ಆಪರೇಷನ್. ಬ್ಯಾಗಿನ ಪಕ್ಕದಲ್ಲಿ ಹರ್ನಿಯಾ ಆಗುವುದು ಸಾಮಾನ್ಯ, ಚರ್ಮದ ತೊಂದರೆಯೂ ಇರುತ್ತದೆ. ಈಗ ಹತ್ತು ತಿಂಗಳಿಗೇ ಆ ತೀರ್ಮಾನಕ್ಕೆ ಬರುವುದು ಅವಸರ, ಯಾಕಂದರೆ ಅವರಿಗೆ ಇನ್ನೂ ಯಾವ ಚಿಕಿತ್ಸೆಯನ್ನೂ ಸರಿಯಾಗಿ ಕೊಟ್ಟೇ ಇಲ್ಲ.

ಇದನ್ನು ಓದುವವರಲ್ಲಿ ಬಲಗಡೆಯ ದೊಡ್ಡ ಕರುಳು ತೆಗೆಸಿಕೊಂಡವರೂ ಇರಬಹುದು. ಅವರಿಗೆ ರೆಕ್ಟಮ್ ಹಾಗೇ ಇದೆ, ಅವರ ನೀರು ಭೇದಿಗೆ ಕಾರಣ ಬೇರೆ. ಸಣ್ಣ ಕರುಳಿನ ತುದಿ ಹೀರಿಕೊಳ್ಳಬೇಕಾದ ಪಿತ್ತದ ಅಂಶ ದೊಡ್ಡ ಕರುಳಿಗೆ ಇಳಿದು ನೀರು ಬರಿಸುತ್ತದೆ. ಅದಕ್ಕೆ ಕೊಲೆಸ್ಟೈರಮಿನ್ ಪುಡಿ ಕೆಲಸ ಮಾಡುತ್ತದೆ. ಬೇರೆ ಮಾತ್ರೆಗಳನ್ನು ಅದು ಹೀರಿಕೊಳ್ಳಲು ಬಿಡುವುದಿಲ್ಲ, ಹಾಗಾಗಿ ಅವನ್ನು ಒಂದು ಗಂಟೆ ಮೊದಲು ಅಥವಾ ನಾಲ್ಕಾರು ಗಂಟೆ ಆಮೇಲೆ ತೆಗೆದುಕೊಳ್ಳಬೇಕು. ಬಿ12 ಕೂಡ ಪರೀಕ್ಷೆ ಮಾಡಿಸಿ.

ಕೊನೆಗೆ ಚರ್ಮದ ಆರೈಕೆ ಮತ್ತು ಶಾಲೆಯ ವಿಷಯ. ಪದೇ ಪದೇ ಹೋಗಿ ಗುದದ್ವಾರದ ಸುತ್ತ ಉರಿಯುವ ಚರ್ಮವನ್ನು ಒರಟಾಗಿ ಒರೆಸದೆ ನೀರಿನಲ್ಲಿ ತೊಳೆದು, ಒತ್ತಿ ಒಣಗಿಸಿ, ಜಿಂಕ್ ಆಕ್ಸೈಡ್ ಮುಲಾಮು ತೆಳುವಾಗಿ ಹಚ್ಚಲಿ. ಶಾಲೆಗೆ ಒಯ್ಯುವ ಕೈಚೀಲದಲ್ಲಿ ಒಂದು ಜೊತೆ ಬಟ್ಟೆ, ಪ್ಯಾಡ್, ಪ್ಲಾಸ್ಟಿಕ್ ಚೀಲ ಇರಲಿ. ಡಾಕ್ಟರ ಹತ್ತಿರ ಒಂದು ಸರ್ಟಿಫಿಕೇಟ್ ಕೇಳಿ: "ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರದ ಕರುಳಿನ ತೊಂದರೆ, ಬೆಳಗಿನ ಮೊದಲ ಅವಧಿಯಿಂದ ವಿನಾಯಿತಿ ಮತ್ತು ಟಾಯ್ಲೆಟ್ಟಿಗೆ ಹತ್ತಿರದ ಕೊಠಡಿ ಬೇಕು" ಅಂತ ಎರಡು ಸಾಲು ಸಾಕು. ಹೆಡ್‌ಮಾಸ್ಟರಿಗೆ ತಂದೆಯವರು ಬಾಯಿಬಿಟ್ಟು ಏನೂ ವಿವರಿಸಬೇಕಾಗಿಲ್ಲ, ಆ ಕಾಗದ ಕೊಟ್ಟರೆ ಆಯಿತು. ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆ ಡ್ಯೂಟಿಯಿಂದಲೂ ಬಿಡಿಸಿಕೊಳ್ಳಲು ಅದನ್ನೇ ಬಳಸಬಹುದು, ಮೂರು ಗಂಟೆ ಅಲುಗಾಡದೆ ನಿಲ್ಲುವ ಕೆಲಸ ಈ ವರ್ಷ ಅವರಿಗೆ ಬೇಡ.